ಹಾರ್ನ್ ಯಾರದು, ಮಾರಿ ಯಾರದು

ಬೀದರ ಕೋರ್ಟಿನ ಎದುರು ಒಂದು ಖೋಲಿ ಹಿಡಿದು, ಕರಿ ಕೋಟನ್ನು ಮೊಳೆಗೆ ನೇತುಹಾಕಿ ಕೂತವರಿಗೆ ನಗು ಹುಡುಕಿಕೊಂಡು ಎಲ್ಲಿಗೂ ಹೋಗುವ ದರಕಾರಿಲ್ಲ. ಅದು ತಾನಾಗಿಯೇ ಚಪ್ಪಲಿ ಹೊರಗೆ ಬಿಟ್ಟು, "ಒಳಗ ಬರ್ಲೇನ್ರಿ ಮೇಡಮ್?" ಎಂದು ಕೇಳಿ, ಬೆಂಚಿನ ಮೇಲೆ ಕೂತು, ಕುಡಿಯಲು ನೀರು ಬೇಡುತ್ತದೆ. ನಾನು ಮಾತ್ರ ಮುಖ ಗಂಟು ಹಾಕಿಕೊಂಡು ಬರೆದುಕೊಳ್ಳಬೇಕು. ವಕೀಲಬಾಯಿ ನಕ್ಕರೆ ಕಕ್ಷಿದಾರ ಎದ್ದುಹೋಗುತ್ತಾನೆ.

ನನ್ನ ಮಟ್ಟಿಗೆ ಇದು ಶುರುವಾದದ್ದು ಮಳೆ ಮೇಲಿಂದ ಮೇಲೆ ಕೈಕೊಟ್ಟ ವರ್ಷಗಳಲ್ಲಿ. ಅಲ್ಲಿಯತನಕ ನನ್ನ ಹೊಟ್ಟೆ ಹೊರೆದದ್ದು ಹೊಲದ ಪಾಲಿನ ಕೇಸುಗಳು. ಬರ ಬಿದ್ದದ್ದೇ ಅಣ್ಣನೂ ಹೈದರಾಬಾದಿಗೆ, ತಮ್ಮನೂ ಹೈದರಾಬಾದಿಗೆ. ಇಲ್ಲಿ ಒಂದು ಬದುವಿನ ಸಲುವಾಗಿ ಬಡಿದಾಡಿಕೊಂಡವರು ಅಲ್ಲಿ ಒಂದೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದರು. ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗಿದರೂ ಯಾರೂ ಇಲ್ಲ. "ಎಲ್ಲಿದ್ದಾರಮ್ಮಾ ನಿಮ್ಮ ಕಕ್ಷಿದಾರ?" ಎಂದು ನ್ಯಾಯಾಧೀಶರು ಒಮ್ಮೆ ಕೇಳಿದರು. "ಎದುರು ಪಾರ್ಟಿ ಜೊತೆ ಊಟ ಮಾಡ್ತಿದ್ದಾರೆ ಸರ್" ಎಂದೆ. ಇದ್ದ ಸಂಗತಿ ಅದೇ.

ಹೀಗೆ ಕೈ ಖಾಲಿಯಾದಾಗ ಹೈದರಾಬಾದಿನಲ್ಲಿ ಎರಡು ದಿನದ ತರಬೇತಿಯೊಂದಕ್ಕೆ ಹೋಗಿಬಂದೆ. ಟ್ರೇಡ್‌ಮಾರ್ಕು, ಕಾಪಿರೈಟು, ಡಿಸೈನು, ಬೀಜದ ತಳಿ, ಊರಿನ ಹೆಸರಿನ ಸರಕು, ಹೀಗೆ ಮನುಷ್ಯನ ತಲೆಯೊಳಗಿಂದ ಹುಟ್ಟಿದ್ದಕ್ಕೆಲ್ಲ ಇರುವ ಹಕ್ಕುಗಳ ತರಬೇತಿ. ವಾಪಸು ಬಂದವಳೇ ಬೋರ್ಡು ಬರೆಸಿದೆ.

ಬೋರ್ಡು

ಬೋರ್ಡು ಬರೆಸುವ ಕೆಲಸವನ್ನು ನನ್ನ ಮುನ್ಷಿಗೆ ಒಪ್ಪಿಸಿದ್ದೆ. ಮುನ್ಷಿ ಅಂದರೆ ನನ್ನ ಗುಮಾಸ್ತರು, ಹಣೆ ತುಂಬ ವಿಭೂತಿ, ಅರವತ್ತು ದಾಟಿದ ವಯಸ್ಸು. ನನಗಿಂತ ಮೊದಲು ನನ್ನ ಸೀನಿಯರನ್ನು ಆಳಿದವರು. 'ಬೌದ್ಧಿಕ ಆಸ್ತಿ ವಕೀಲರು' ಎಂದು ಬರೆಸಿ ಎಂದಿದ್ದೆ. ಪೇಂಟರು ಜಾಗ ಸಾಲದೆ ಒಂದು ಗುಡಿಸು, ಒಂದು ಅಕ್ಷರ ನುಂಗಿದ. ಮರುದಿನ ಹೊತ್ತೇರುವ ಮೊದಲೇ ಭಾತಂಬ್ರಾದಿಂದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಕೈಯಲ್ಲಿ ನಕಾಶೆ.

"ಭಾಳ ಛಲೋ ಕೆಲಸ ಮಾಡೀರಿ ಮೇಡಮ್. ನಮ್ಮ ಮಂದಿ ಸಲುವಾಗಿ ಒಬ್ರು ಖಾಸ್ ವಕೀಲರು ಬೇಕೇ ಆಗಿತ್ತು" ಎಂದರು ಮಾಸ್ತರು.

ನನಗೆ ತಲೆಬುಡ ತಿಳಿಯಲಿಲ್ಲ. ಹೊರಗೆ ಹೋಗಿ ನೋಡಿದರೆ ಬೋರ್ಡಿನ ಮೇಲೆ ದೊಡ್ಡದಾಗಿ 'ಬೌದ್ಧ ಆಸ್ತಿ ವಕೀಲರು' ಎಂದಿದೆ. ಅವರು ತಂದದ್ದು ಊರಿನ ವಿಹಾರದ ಜಾಗದ ನಕಾಶೆ.

ಕೈಮುಗಿದು ತಪ್ಪು ಹೇಳಿದೆ. ಬೌದ್ಧಿಕ ಅಂದರೆ ಬುದ್ಧಿಯದು, ತಲೆಯೊಳಗಿನ ಆಸ್ತಿ ಎಂದು ವಿವರಿಸಿದೆ. ಮಾಸ್ತರು ಪಾಠ ಕೇಳುವ ಹುಡುಗರಂತೆ ಗಮನ ಕೊಟ್ಟು ಕೇಳಿದರು.

"ಈ ತಲಿಯೊಳಗಿನ ಆಸ್ತಿಗಿ ಸರ್ವೆ ಆಗ್ತದೇನ್ರಿ?"

"ಇಲ್ರಿ."

"ಒತ್ತುವರಿ?"

"ಅದೇ ಆಗ್ತದ್ರಿ. ಅದಕ್ಕೇ ವಕೀಲರು ಬೇಕು."

"ಅಣ್ಣತಮ್ಮರು ಪಾಲು ಕೇಳ್ತಾರೇನ್ರಿ?"

"ಬುದ್ಧಿಯನ್ನ ಹ್ಯಾಂಗ ಪಾಲು ಕೇಳ್ತಾರ್ರಿ?"

ಮಾಸ್ತರು ನಕಾಶೆ ಸುತ್ತಿಕೊಂಡು ಎದ್ದರು. "ಖರೇ ಅದ. ಮೂವತ್ತೈದು ವರ್ಷ ಸಾಲ್ಯಾಗ ಕೈ ಎತ್ತಿ ಕೊಟ್ಟೀನಿ, ಒಬ್ಬನೂ ತಗೊಳ್ಳಿಲ್ಲ."

ವಿಹಾರದ ಕೆಲಸವನ್ನೂ ಮುಂದೆ ನಾನೇ ಮಾಡಿಕೊಟ್ಟೆ. ಬೋರ್ಡು ತಿದ್ದಿಸಿದ್ದು ಅದಾದ ಮೇಲೆ.

ಟ್ಯಾಂಕರಿನ ಹಾರ್ನ್

ಭಾಲ್ಕಿಯಲ್ಲಿ ಆಗ ದೊಡ್ಡ ಮನುಷ್ಯ ಅಂದರೆ ನೀರಿನ ಟ್ಯಾಂಕರ್ ಇದ್ದವನು. ಅಂಥವನೊಬ್ಬ ಒಂದು ಮಧ್ಯಾಹ್ನ ಬಂದು ಕೂತ. ಅವನ ಟ್ಯಾಂಕರಿಗೆ ಏಳು ಸ್ವರದ ಹಾರ್ನ್ ಇತ್ತು. ಗಲ್ಲಿಗೆ ಬರುವ ಮುಂಚೆ ಅದನ್ನು ಬಾರಿಸಿದರೆ ಹೆಣ್ಣುಮಕ್ಕಳು ಕೊಡ ಹಿಡಿದು ಓಡಿಬರಬೇಕು. ಈಗ ಇನ್ನೊಬ್ಬ ಟ್ಯಾಂಕರಿನವನೂ ಅದೇ ರಾಗದ ಹಾರ್ನ್ ಹಾಕಿಸಿಕೊಂಡಿದ್ದ.

"ನನ್ನ ರಾಗ ಕದ್ದಾನ್ರಿ! ನಾ ಬರೂದ್ರಾಗ ಎಲ್ಲಾ ಕೊಡ ತುಂಬಿರ್ತಾವ" ಎಂದ.

ನನಗೆ ಒಳಗೊಳಗೇ ಹಿಗ್ಗು. ಬರೀ ಹೆಸರು, ಚಿತ್ರ ಅಲ್ಲ, ಸದ್ದನ್ನೂ ಟ್ರೇಡ್‌ಮಾರ್ಕು ಮಾಡಿಸಬಹುದು, ಅರ್ಧ ನಿಮಿಷದೊಳಗಿನ ಧ್ವನಿಮುದ್ರಣ ಕೊಟ್ಟರಾಯಿತು, ಜೊತೆಗೆ ಸ್ವರ ಬರೆದ ಕಾಗದ ಎಂದು ಹೊಸ ನಿಯಮ ಬಂದಿತ್ತು. ಬೀದರ ಜಿಲ್ಲೆಯ ಮೊದಲ ಸದ್ದಿನ ಮಾರ್ಕು ನನ್ನ ಕೈಯಿಂದಲೇ ಆಗಲಿ ಎಂದುಕೊಂಡೆ. ಸಂಗೀತ ಕಲಿಸುವ ಮಾಸ್ತರರೊಬ್ಬರನ್ನು ಹಿಡಿದೆವು. ಅವರು ಟ್ಯಾಂಕರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ ಆಲಿಸಿ, ಸ್ವರ ಬರೆದುಕೊಟ್ಟರು. ಕೊನೆಯ ಸ್ವರಕ್ಕೆ ಮಾತ್ರ ಪೆನ್ನು ನಿಂತಿತು.

"ಇದು ನಿಷಾದ ಅಲ್ಲ, ಷಡ್ಜ ಅಲ್ಲ. ಇದಕ್ಕ ನೆಗಡಿ ಆಗ್ಯಾದ" ಎಂದರು.

ಹಾರ್ನಿನ ಏಳನೇ ಕೊಳವೆ ಸೀಳಿತ್ತು. ಇರಲಿ, ಈ ಸದ್ದನ್ನು ಜನ ಇವನದೇ ಎಂದು ಗುರುತಿಸುತ್ತಾರೆ ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ? ನಾನು, ಮುನ್ಷಿ, ಟ್ಯಾಂಕರಿನವನು ಮೂವರೂ ಭಾಲ್ಕಿಯ ಒಂದು ಗಲ್ಲಿಗೆ ಹೋದೆವು. ಅವನು ಎದೆ ಉಬ್ಬಿಸಿ ಹಾರ್ನ್ ಬಾರಿಸಿದ.

ಒಂದು ನರಪಿಳ್ಳೆ ಹೊರಗೆ ಬರಲಿಲ್ಲ. ಅಷ್ಟೇ ಅಲ್ಲ, ತೆರೆದಿದ್ದ ಎರಡು ಬಾಗಿಲುಗಳೂ ಮುಚ್ಚಿದವು.

ಸ್ವಲ್ಪ ಹೊತ್ತಿಗೆ ಎದುರಾಳಿಯ ಟ್ಯಾಂಕರ್ ಬಂತು. ಅದೇ ರಾಗ. ಇಡೀ ಗಲ್ಲಿಯೇ ಕೊಡ ಹಿಡಿದು ಹೊರಗೆ ಬಂತು. ನಾನು ಒಬ್ಬ ಅಕ್ಕನನ್ನು ತಡೆದು ಕೇಳಿದೆ, "ಎರಡೂ ಒಂದೇ ಹಾರ್ನ್ ಅಲ್ಲೇನ್ರಿ?"

"ಒಂದೇ ಹ್ಯಾಂಗ್ರಿ ಮೇಡಮ್? ಇವನ ಹಾರ್ನ್ ಕಡೀಕ ಕೆಮ್ಮತದ. ಕೆಮ್ಮಿತಂದ್ರ ಉಪ್ಪುನೀರು ಬಂತಂತ ತಿಳೀಬೇಕು. ಸಣ್ಣ ಕೂಸಿಗೂ ಗೊತ್ತದ."

ಟ್ಯಾಂಕರಿನವನ ಮುಖ ಸಣ್ಣದಾಯಿತು. ಮುನ್ಷಿ ಮಾತ್ರ ಅಕ್ಕನ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡು ಅವನಿಗೆ ಹೇಳಿದರು, "ಬೇಜಾರ್ ಮಾಡ್ಕೋಬ್ಯಾಡ್ರಿ ಸಾವ್ಕಾರ್ರ. ಮಂದಿ ಗುರುತು ಹಿಡೀಬೇಕಂತ ಕಾನೂನದ. ಓಡಿ ಬರಬೇಕಂತ ಎಲ್ಲೂ ಇಲ್ಲ."

ಹೆಚ್ಚಾದ ಎಸಳು

ಬೀದರಿನ ಬಿದ್ರಿ ಉಸ್ತಾದರು ನನ್ನನ್ನು ಎಂದೂ ಮೇಡಮ್ ಅಂದವರಲ್ಲ. ಕೋಟು ಹಾಕಿದವರೆಲ್ಲ ಅವರಿಗೆ 'ವಕೀಲ್ ಸಾಬ್'. ಅವರು ಕರಿ ಲೋಹದ ಹೂದಾನಿಯ ಮೇಲೆ ಬೆಳ್ಳಿ ತಂತಿ ಕೂಡಿಸಿ ಒಂದು ಹೂಬಳ್ಳಿ ಮಾಡಿದ್ದರು, ಹೂವೆಲ್ಲ ದಾಸವಾಳ. ಅದನ್ನು ನೋಡಿ ಒಬ್ಬ ವ್ಯಾಪಾರಿ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ಯಿಸಿ, ಕರಿ ಬಣ್ಣ ಬಳಿದು ಹೂದಾನಿ ಮಾರಲು ಕೂತಿದ್ದ.

ನಾನು ಕಾನೂನು ಬಿಡಿಸಿ ಹೇಳಿದೆ. ಬಿದ್ರಿ ಎಂಬ ಹೆಸರಿಗೆ ಒಂದು ರಕ್ಷಣೆ, ಅದು ಎಲ್ಲ ಉಸ್ತಾದರದ್ದೂ ಸೇರಿ. ಬಳ್ಳಿಯ ಚಿತ್ರಕ್ಕೆ ಕಾಪಿರೈಟು. ಅದೇ ಬಳ್ಳಿ ಹೂದಾನಿಯ ಮೇಲೆ ಕೂತರೆ ಡಿಸೈನು. ಡಿಸೈನನ್ನು ನೋಂದಣಿ ಮಾಡಿಸದೆ ಕಾರ್ಖಾನೆ ರೀತಿಯಲ್ಲಿ ಐವತ್ತಕ್ಕಿಂತ ಹೆಚ್ಚು ಮಾಡಿದರೆ ಕಾಪಿರೈಟೂ ಹೋಗುತ್ತದೆ. ಚಿತ್ರ ಎಲ್ಲಿ ಮುಗಿದು ಸಾಮಾನು ಎಲ್ಲಿ ಶುರುವಾಗುತ್ತದೆ ಎಂದು ತೂಗಲು ಈಚೆಗೆ ಸುಪ್ರೀಂ ಕೋರ್ಟೇ ಒಂದು ಪರೀಕ್ಷೆ ಹೇಳಿದೆ. ಆಗ ಅದೂ ಇರಲಿಲ್ಲ, ಎಲ್ಲ ಗೋಜಲು.

ಉಸ್ತಾದರು ಗಡ್ಡ ನೀವಿಕೊಂಡರು. "ಅಂದ್ರ ವಕೀಲ್ ಸಾಬ್, ಭಾಳ ಮಾಡಿದ್ರ ಹಕ್ಕು ಹೋಗ್ತದ. ಮಾಡದಿದ್ರ ಉಳೀತದ?"

"ಹಂಗೇ ಅನ್ರಿ. ನೀವು ಎಷ್ಟು ಮಾಡೀರಿ?"

"ಕೈಲೆ ಮಾಡೋ ಕೆಲಸ. ಈ ಬಳ್ಳಿದು ಎಲ್ಲಾ ಸೇರಿ ಹದಿನಾರು ಆಗ್ಯಾವ." ಆಮೇಲೆ ನಿಟ್ಟುಸಿರು ಬಿಟ್ಟರು. "ಹಂಗಾರ ಇಡೀ ಬೀದರಿನ್ಯಾಗ ನನ್ನಷ್ಟು ಹಕ್ಕು ಇದ್ದ ಮನುಷ್ಯ ಯಾರೂ ಇಲ್ಲ ಬಿಡ್ರಿ."

ನೋಟಿಸು ಕಳಿಸಿದೆ. ವ್ಯಾಪಾರಿ ಜವಾಬು ಬರೆಸಿದ: 'ದಾಸವಾಳ ದೇವರು ಮಾಡಿದ ಹೂವು, ಉಸ್ತಾದರು ಮಾಡಿದ್ದಲ್ಲ. ನಾನೂ ನೋಡಿದ್ದೇನೆ, ನನ್ನ ಅಂಗಳದಲ್ಲೂ ಇದೆ, ನಾನೇ ನೋಡಿ ಬರೆಸಿದೆ.'

ಎರಡೂ ಹೂದಾನಿಗಳನ್ನು ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದು ನೋಡುತ್ತ ಕೂತೆ. ಬಳ್ಳಿಯಲ್ಲಿ ಒಂಬತ್ತು ಹೂವು. ಎಂಟಕ್ಕೆ ಐದೈದು ಎಸಳು. ಹಿಡಿಕೆಯ ಹತ್ತಿರ ಮರೆಯಲ್ಲಿದ್ದ ಒಂದಕ್ಕೆ ಆರು. ವ್ಯಾಪಾರಿಯ ಹೂದಾನಿಯಲ್ಲೂ ಅದೇ ಜಾಗದ ಅದೇ ಹೂವಿಗೆ ಆರು!

"ಉಸ್ತಾದ್, ಗೆದ್ದೆವು! ಅವನು ದೇವರ ಹೂವು ನೋಡಿ ಬರೆಸಿದ್ದಲ್ಲ, ನಿಮ್ಮ ತಪ್ಪು ನೋಡಿ ಬರೆಸಿದ್ದು. ಇದೊಂದು ಎಸಳು ಸಾಕು. ತಪ್ಪಿ ಒಂದು ಎಸಳು ಹೆಚ್ಚಾಯಿತು ಅಂತ ನೀವು ಬರೆದು ಸಹಿ ಮಾಡಿಬಿಡ್ರಿ."

ಉಸ್ತಾದರ ಮುಖ ಅವರ ಹೂದಾನಿಗಿಂತ ಕಪ್ಪಾಯಿತು. "ಗೆಲ್ಲಬೇಕಂದ್ರ ನಾ ತಪ್ಪು ಮಾಡೀನಿ ಅಂತ ಬರಕೊಡಬೇಕಾ? ನಮ್ಮ ಅಜ್ಜ, ನಮ್ಮ ಅಬ್ಬಾ, ಅವರ ಕೈಯಾಗ ಕಲಿತ ಕೈ ಇದು. ಆಗಾಂಗಿಲ್ಲ."

ಎರಡು ದಿನ ಬರಲೇ ಇಲ್ಲ. ಮುನ್ಷಿ ಅವರ ಕಾರ್ಖಾನೆಗೆ ಹೋಗಿ ಚಹಾ ಕುಡಿದು ಏನೋ ಮಾತಾಡಿಕೊಂಡು ಬಂದರು. ಮೂರನೇ ದಿನ ಉಸ್ತಾದರು ತಮ್ಮದೇ ಮಾತಿನಲ್ಲಿ ಪ್ರಮಾಣಪತ್ರ ಹೇಳಿ ಬರೆಸಿದರು. ವ್ಯಾಪಾರಿಯ ವಕೀಲರು ಅದನ್ನು ಓದಿ ಅಂದೇ ಹೂದಾನಿಗಳನ್ನು ಅಂಗಡಿಯಿಂದ ಎತ್ತಿಸಿದರು. ಆ ಪ್ರಮಾಣಪತ್ರದ ಒಂದು ಸಾಲು ಹೀಗಿತ್ತು: 'ಸದರಿ ಹೂವಿಗೆ ಆರು ಎಸಳು ನಾನು ಬೇಕೆಂದೇ ಹಾಕಿದ್ದು. ಐದೇ ಎಸಳು ಬಿಡುವುದು ದಾಸವಾಳದ ತಪ್ಪು.'

ಬಿರುಕು

ಇದು ಸಣ್ಣದು. ಔರಾದ ಕಡೆಯ ಒಬ್ಬ ಫೋಟೋಗ್ರಾಫರ್ ಉರಿಬಿಸಿಲಲ್ಲಿ ಬಂದ. ಒಣಗಿ ಬಿರುಕು ಬಿಟ್ಟ ಕೆರೆಯ ಅಂಗಳದ ಫೋಟೋ ತೆಗೆದಿದ್ದನಂತೆ. ಬರ ನೋಡಲು ಬರುವ ಮಂತ್ರಿಗಳಿಗೆ ಸ್ವಾಗತ ಕೋರುವ ಫ್ಲೆಕ್ಸಿನಲ್ಲಿ, ಅವರ ತಲೆಯ ಹಿಂದೆ ಪ್ರಭಾವಳಿಯ ಹಾಗೆ, ಆ ಬಿರುಕು ಬಂದುಬಿಟ್ಟಿದೆ. ಕೇಳಲಿಲ್ಲ, ಹೇಳಲಿಲ್ಲ.

"ಎಲ್ಲಾ ಬಿರುಕು ಒಂದೇ ಥರ ಇರ್ತಾವಲ್ಲಪ್ಪ?" ಎಂದೆ.

"ಇಲ್ರಿ, ನನ್ನ ಬಿರುಕು ನನಗ ಗೊತ್ತಿಲ್ಲೇನ್ರಿ? ಬಲಕ್ಕ ಹೊಳ್ಳಿ ಎರಡು ಕವಲು ಆಗ್ತದ."

ಫ್ಲೆಕ್ಸಿನವನನ್ನು ಕರೆಸಿ ಗದರಿಸಿದೆ. ಕಾಪಿರೈಟು ಕಾಯ್ದೆ, ಜೈಲು ಎಂದೆಲ್ಲ ಹೇಳಿದೆ. ಪಾಪ, ಅವನು ತನ್ನ ಮೊಬೈಲು ತೆಗೆದು ತೋರಿಸಿದ.

"ಕೆರಿ ಕಡೆ ನಾ ಹೋಗೇ ಇಲ್ರಿ ಮೇಡಮ್. ಆ ಬಿಸಿಲಾಗ ಯಾರು ಹೋಗ್ತಾರ್ರಿ? ಇದು ನಮ್ಮ ಗಲ್ಲಿ ಸಮುದಾಯ ಭವನದ ಗ್ವಾಡಿ. ಹೋದ ವರ್ಷ ಈ ಮಂತ್ರಿಗಳೇ ಉದ್ಘಾಟನಿ ಮಾಡಿದ್ರು."

ಹೆಸರಿನ ಹೆಸರು

ಔರಾದ ತಾಲೂಕಿನಿಂದ ಒಬ್ಬ ಗಟ್ಟಿಗಿತ್ತಿ ಹೆಂಗಸು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಡಬ್ಬಿ ನನ್ನ ಮುಂದೆ ಕುಕ್ಕಿದಳು. ಒಳಗೆ ಹೆಸರುಕಾಳು, ಮಣಿಯಂತೆ ಸಣ್ಣದು, ಹೊಳೆಯುತ್ತಿತ್ತು. ಅವಳ ಮನೆತನದ ಬೀಜ. ಬರದ ಎರಡು ವರ್ಷ ಊರಿನವರೆಲ್ಲ ಬೀಜಕ್ಕಿಟ್ಟದ್ದನ್ನೂ ಬೇಯಿಸಿ ತಿಂದಿದ್ದರು. ಈಕೆ ಗಂಡ ಮಕ್ಕಳ ಜೊತೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವಾಗ ಆ ಡಬ್ಬಿಯನ್ನೂ ಹೊತ್ತುಕೊಂಡು ಹೋಗಿ, ವಾಪಸು ತಂದಿದ್ದಳು. ಅಷ್ಟರಲ್ಲಿ ಅದೇ ಥರದ ಕಾಳನ್ನು ಒಬ್ಬ ಬೀಜದ ವ್ಯಾಪಾರಿ ಎಲ್ಲಿಂದಲೋ ಸಂಪಾದಿಸಿ, ಬಣ್ಣದ ಪಾಕೀಟಿನಲ್ಲಿ ತುಂಬಿ 'ನಮ್ಮ ಸಂಶೋಧನೆ' ಎಂದು ಮಾರುತ್ತಿದ್ದ.

"ಆ ಸಂಶೋಧನಿ ಮಾಡಿದಾವ ಎಲ್ಲಿದಾನ ತೋರಸ್ರಿ. ಅವನ ಕೈಗಿ ಕಳೆ ತಗಿಯೋ ಒಂದು ಕುರಪಿ ಕೊಟ್ಟು ನೋಡ್ತೇನಿ" ಎಂದಳು.

ರೈತರ ತಳಿ ಎಂದು ನೋಂದಾಯಿಸಲು ಅರ್ಜಿ ತುಂಬಿದೆ. ಕೆಲವು ಪ್ರಶ್ನೆಗಳಿಗೆ ದೂರದ ಆಫೀಸಿನಿಂದ ಒಬ್ಬ ಅಧಿಕಾರಿ ಫೋನು ಮಾಡಿದರು. ಬೆಂಗಳೂರು ಕಡೆಯ ಮೆದು ಕನ್ನಡ. ನಾನು ಸ್ಪೀಕರಿಗೆ ಹಾಕಿ ಫೋನನ್ನು ಅವಳ ಮುಂದಿಟ್ಟೆ.

"ಬೆಳೆ ಯಾವುದಮ್ಮಾ?"

"ಹೆಸರ್ರಿ."

"ಹೆಸರು ಆಮೇಲೆ ಹೇಳಿ. ಮೊದಲು ಬೆಳೆ."

"ಬೆಳೀನೇ ಹೇಳ್ಲತ್ತೀನಲ್ರಿ. ಹೆಸರು!"

"ನಿಮ್ಮ ಹೆಸರಲ್ಲಮ್ಮಾ."

"ನಂದೇರಿ. ಮತ್ತ್ಯಾರದು? ನಮ್ಮ ಹೊಲದಾಗ ಬೆಳದದ್ದು."

ನಾನು ನಡುವೆ ಬಾಯಿ ಹಾಕಿದೆ, "ಹೆಸರುಕಾಳು ಸರ್."

"ಓಹೋ, ಹೆಸರುಕಾಳು! ಸರಿ, ಈಗ ಹೆಸರಿನ ಹೆಸರು ಹೇಳಿ."

"ಜಗಳಗಂಟಿ."

"ಅಮ್ಮಾ, ನಾನು ಮರ್ಯಾದೆಯಿಂದಲೇ ಕೇಳಿದ್ದು..."

ಅದು ಬೈಗುಳವಲ್ಲ, ತಳಿಯ ಹೆಸರೇ ಅದು ಎಂದು ತಿಳಿಸಿದೆ. ಕಾಯಿ ಒಣಗಿದ ಮೇಲೆ ಮುಟ್ಟಿದರೆ ಸಾಕು, ಚಟಚಟ ಸಿಡಿದು ಮೈಮೇಲೆ ಬರುತ್ತದಂತೆ. ಅದಕ್ಕೇ ಜಗಳಗಂಟಿ.

"ಆಗಲಿ. ಇದರ ತಾಯಿ ತಳಿ ಯಾವುದು, ತಂದೆ ತಳಿ ಯಾವುದು?"

"ತಾಯಿ ನಮ್ಮ ಡಬ್ಬಿಯಾಗಿಂದೇರಿ. ತಂದಿ ಯಾರಂತ ನನಗೇನ ಗೊತ್ತು? ಬಯಲಾಗ ಬೆಳದದ್ದು, ಗಾಳಿ ಯಾವ ಕಡಿಂದ ಬಂತೋ."

"ಕಳೆದ ಎರಡು ವರ್ಷ ಬೀಜವನ್ನು ಎಲ್ಲಿ ಕಾಪಾಡಿದ್ದಿರಿ?"

"ಹೈದರಾಬಾದಿನ್ಯಾಗ. ಒಂದು ಬಿಲ್ಡಿಂಗಿನ ಆರನೇ ಮಜಲಿನ್ಯಾಗ. ಕೆಳಗ ಇಲಿ ಭಾಳ ಇದ್ದುವ್ರಿ."

"ಲಿಫ್ಟ್ ಇತ್ತಾ?" ಎಂದು ಅವರು ಯಾಕೆ ಕೇಳಿದರೋ ಇವತ್ತಿಗೂ ಗೊತ್ತಿಲ್ಲ.

"ಬಿಲ್ಡಿಂಗೇ ಇನ್ನಾ ಕಟ್ಲತ್ತಿದ್ದೆವಲ್ರಿ!"

ಕೊನೆಗೆ ಅಧಿಕಾರಿ ಒಂದು ತಕರಾರು ತೆಗೆದರು. "ಎಲ್ಲ ಸರಿ ಅಮ್ಮಾ. ಆದರೆ ಈ ಹೆಸರು ಒಂದು ವರ್ಗದವರ ಮನಸ್ಸಿಗೆ ನೋವು ಮಾಡಬಹುದು. ಯಾರಾದರೂ ಆಕ್ಷೇಪಣೆ ಹಾಕಿದರೆ?"

ಅವಳು ಫೋನನ್ನು ಕೈಗೆತ್ತಿಕೊಂಡು ಬಾಯಿಯ ಹತ್ತಿರ ಹಿಡಿದಳು. "ಹಾಕ್ಲಿ ಬಿಡ್ರಿ. 'ಜಗಳಗಂಟಿ ಅಂದ್ರ ನಾನೇ, ನನಗ ನೋವಾಗ್ಯಾದ' ಅಂತ ಯಾವಾಕಿ ಸಹಿ ಮಾಡಿ ಕೊಡ್ತಾಳೋ ನಾನೂ ನೋಡ್ತೇನಿ."

ಆಕ್ಷೇಪಣೆಯ ಅವಧಿ ಮುಗಿಯಿತು. ಒಂದೂ ಬರಲಿಲ್ಲ.

ಅತ್ತಿ ಹಿಂಡಿ

ಇನ್ನು ಇದೊಂದು. ಇದನ್ನು ಹೇಳುವಾಗ ನನ್ನ ಮರ್ಯಾದೆಯೂ ಸ್ವಲ್ಪ ಹೋಗುತ್ತದೆ, ಹೋಗಲಿ.

ಭಾಲ್ಕಿಯ ಒಂದು ಮನೆಯ ಸೊಸೆ ಶೇಂಗಾ ಹಿಂಡಿ ಕುಟ್ಟುವುದರಲ್ಲಿ ನಿಸ್ಸೀಮಳು. ಶೇಂಗಾ, ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಬರದಲ್ಲಿ ದುಡಿಯಲು ಪುಣೆಗೆ, ಹೈದರಾಬಾದಿಗೆ ಹೊರಟವರೆಲ್ಲ ಭಾಲ್ಕಿ ಸ್ಟೇಷನ್ನಿನ ಹೊರಗೆ ಅವಳ ಪಾಕೀಟು ಕೊಂಡು ರೊಟ್ಟಿಯ ಗಂಟಿಗೆ ಕಟ್ಟಿಕೊಂಡರು. ಪರಊರಲ್ಲಿ ರುಚಿ ಹತ್ತಿತು, ಹೆಸರು ಹಬ್ಬಿತು. ಪಾಕೀಟಿನ ಮೇಲೆ 'ಅತ್ತಿ ಹಿಂಡಿ', ಅಂದರೆ ಅತ್ತೆಯ ಹಿಂಡಿ, ಎಂದು ನೀಲಿ ಶಾಯಿಯ ಚೀಟಿ. ಚೀಟಿಯ ಮೇಲೆ ತಲೆ ತುಂಬ ಸೆರಗು ಹೊದ್ದ, ಮೂಗಿನಲ್ಲಿ ನತ್ತು ಇಟ್ಟ ಹಿರಿಯ ಹೆಂಗಸಿನ ರೇಖಾಚಿತ್ರ.

ನನ್ನ ಬಳಿ ಬಂದವರು ಆ ಮನೆಯ ಅತ್ತೆ. ಸೊಸೆಯ ಜೊತೆ ಏನೋ ಮಾತು ಬೆಳೆದು ಒಲೆ ಬೇರೆಯಾಗಿತ್ತು.

"ನನ್ನ ಮಾರಿ ತಗೊಂಡು ಮಂದಿ ಮುಂದ ಮಾರ್ಲತ್ತಾಳ. ನನ್ನ ಮಾರಿ ಆ ಪಾಕೀಟಿನ ಮ್ಯಾಲ ಒಂದು ದಿನಾ ಇರಬಾರದು ನೋಡ ಯವ್ವಾ. ತಗಸು."

ಮುಖಕ್ಕೆ ಅವರು ಮಾರಿ ಎನ್ನುತ್ತಿದ್ದರೆ ನನ್ನ ಕಿವಿಗೆ ಅದು ವ್ಯಕ್ತಿತ್ವದ ಹಕ್ಕು ಎಂದು ಕೇಳುತ್ತಿತ್ತು. ಸಿನಿಮಾ ನಟರ ಮುಖ, ದನಿ, ನಗು ಎಲ್ಲ ಅವರದೇ, ಕೇಳದೆ ಯಾರೂ ಬಳಸುವಂತಿಲ್ಲ ಎಂದು ದೊಡ್ಡ ಊರಿನ ಹೈಕೋರ್ಟುಗಳು ಹೇಳತೊಡಗಿದ್ದವು. ನಟನ ಮುಖಕ್ಕೆ ಇರುವ ಹಕ್ಕು ಭಾಲ್ಕಿಯ ಅತ್ತೆಯ ಮುಖಕ್ಕೆ ಯಾಕಿರಬಾರದು? ಬೀದರಿನ ಜಿಲ್ಲಾ ಕೋರ್ಟಿನಲ್ಲಿ ದಾವೆ ಹೂಡಿಯೇಬಿಟ್ಟೆ.

ಎದುರುಗಡೆಯವರು ಸುಮ್ಮನಿರುತ್ತಾರೆಯೇ? ಮಗ ಬಂದು, ಟ್ರೇಡ್‌ಮಾರ್ಕು ನನ್ನ ಹೆಸರಿನಲ್ಲಿದೆ, ಚೀಟಿ ನನ್ನದು ಎಂದ. ಸೊಸೆ ಬಂದು, ಹಿಂಡಿಯ ಹದ ನನ್ನ ಗುಟ್ಟು, ಅದಿಲ್ಲದೆ ಚೀಟಿ ನೆಕ್ಕುತ್ತೀರೇನು ಎಂದಳು. ಪ್ರಿಂಟಿಂಗ್ ಪ್ರೆಸ್ಸಿನವನೂ ಬಂದು, ಫೋಟೋ ನೋಡಿ ಚಿತ್ರ ಬರೆದವನು ನಾನು, ಕಾಪಿರೈಟು ನನ್ನದು ಎಂದ. ಒಂದು ಮುಷ್ಟಿ ಶೇಂಗಾ ಹಿಂಡಿಯ ಮೇಲೆ ನಾಲ್ಕು ಹಕ್ಕುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ನ್ಯಾಯಾಧೀಶರು ಹಣೆ ಒತ್ತಿಕೊಂಡರು.

ವಾದದ ದಿನ ನಾನು ಜೋರಾಗಿಯೇ ಇದ್ದೆ. "ಈ ತಾಯಿಯ ಮುಖ ನೋಡಿ ಸರ್. ಇದು ಬರೀ ಮುಖವಲ್ಲ, ಇಡೀ ಆಯುಷ್ಯದ ಸಂಪಾದನೆ!" ಎಂದು ಚೀಟಿಯನ್ನು ಎತ್ತಿ ಹಿಡಿದೆ.

ನ್ಯಾಯಾಧೀಶರು ಚೀಟಿ ನೋಡಿದರು, ನಮ್ಮ ಅತ್ತೆಯವರನ್ನು ನೋಡಿದರು, ಮತ್ತೆ ಚೀಟಿ ನೋಡಿದರು. "ಮೂಲ ಫೋಟೋ ಇದೆಯೇನ್ರಿ?" ಎಂದು ಪ್ರೆಸ್ಸಿನವನನ್ನು ಕೇಳಿದರು. ಅವನು ಚೀಲ ತಡಕಿ ಒಂದು ಫೋಟೋ ತೆಗೆದುಕೊಟ್ಟ. ಅದನ್ನು ನಮ್ಮ ಅತ್ತೆಯವರಿಗೇ ತೋರಿಸಿ, ಇದು ನೀವೇ ಹೌದೋ ಎಂದು ಕೇಳಿ ಎಂದು ಅಪ್ಪಣೆಯಾಯಿತು.

ಅತ್ತೆಯವರು ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಚಾಳೀಸ ಇಲ್ಲ ಯವ್ವಾ" ಎಂದರು. ಮುನ್ಷಿ ತಮ್ಮ ಕನ್ನಡಕ ತೆಗೆದು ಅವರ ಮೂಗಿನ ಮೇಲೆ ಕೂಡಿಸಿದರು.

ಕೋರ್ಟು ಹಾಲು ಬೆಚ್ಚಿಬೀಳುವ ಹಾಗೆ ಒಂದು ಕೂಗು ಬಂತು. "ಅಯ್ಯ ಶಿವನೇ! ಇದು ನಾನೆಲ್ಲಿ? ಇದು ನಮ್ಮ ಬೀಗತಿ!"

ಬೀಗತಿ ಅಂದರೆ ಸೊಸೆಯ ಹಡೆದವ್ವ, ಔರಾದದವರು. ಮಗಳ ಜೊತೆಗೆ ಅಂತ ಬಂದವರು ಹಿಂದಿನ ಬೆಂಚಿನಲ್ಲಿ ಎಲೆಅಡಿಕೆಯ ಚೀಲ ಬಿಚ್ಚಿಕೊಂಡು ಕೂತಿದ್ದರು. ಎಲ್ಲರೂ ತಿರುಗಿ ನೋಡಿದೆವು. ತಲೆ ತುಂಬ ಸೆರಗು, ಮೂಗಿನಲ್ಲಿ ನತ್ತು. ಚೀಟಿಯೇ ಬೆಂಚಿನ ಮೇಲೆ ಕೂತ ಹಾಗಿತ್ತು. ನಾಲ್ಕು ತಾರೀಖು ವಾದ ಮಾಡಿದ ನಾನು ಒಂದು ಸಲವಾದರೂ ಚೀಟಿಯನ್ನು ನನ್ನ ಕಕ್ಷಿದಾರರ ಪಕ್ಕ ಹಿಡಿದು ನೋಡಿರಲಿಲ್ಲ.

"ಏನಮ್ಮಾ ಇದು? ಅತ್ತಿ ಹಿಂಡಿ ಅಂತ ಹಾಕಿ ತಾಯಿ ಚಿತ್ರ ಕೊಟ್ಟಿದ್ದೀಯಾ?" ಎಂದು ನ್ಯಾಯಾಧೀಶರು ಸೊಸೆಯನ್ನು ಕೇಳಿದರು.

ಅವಳು ಒಂದಿಷ್ಟೂ ಅಳುಕಲಿಲ್ಲ. "ಮಾರ್ಕು ನಮ್ಮ ಯಜಮಾನರ ಹೆಸರಿಗಿ ಅದರಿ. ಅವರ ಅತ್ತಿ ಅಂದ್ರ ನಮ್ಮವ್ವನೇ ಅಲ್ಲೇನ್ರಿ? ನಾ ಸುಳ್ಳು ಏನ್ ಹೇಳೀನ್ರಿ?"

ಹಾಲಿನಲ್ಲಿದ್ದ ವಕೀಲರೆಲ್ಲ ಕಡತದಲ್ಲಿ ಮುಖ ಮುಚ್ಚಿಕೊಂಡರು. ನ್ಯಾಯಾಧೀಶರು ಸಾವರಿಸಿಕೊಂಡು ನನ್ನ ಕಡೆ ತಿರುಗಿದರು. "ವಕೀಲರೆ, ನಿಮ್ಮ ಕಕ್ಷಿದಾರರ ಮುಖ ಪಾಕೀಟಿನ ಮೇಲೆ ಇಲ್ಲವೇ ಇಲ್ಲ. ನಿಮ್ಮ ಬೇಡಿಕೆ ಈಡೇರಿದ ಹಾಗೇ ಅಲ್ಲವೇ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಕಟಕಟೆಯ ತನಕ ಬಂದಿದ್ದರು. "ಅದ್ಯಾಂಗ್ರಿ ಸಾಹೇಬ್ರ? ಈಕಿ ನನ್ನ ಮನಿಗಿ ಬಂದ ಸೊಸಿ. ಹಿಂಡಿ ಕುಟ್ಟಿದ ಒಳ್ಳು ನಂದು. ಆ ಬೀಗತಿ ಮಾರಿ ಹ್ಯಾಂಗ ಹಾಕ್ತಾಳ? ಆಕಿದು ತಗಸ್ರಿ, ನಂದು ಹಾಕಸ್ರಿ! ಇವತ್ತೇ ಹಾಕಸ್ರಿ!"

ಮುಖ ತೆಗೆಸಲು ಹೂಡಿದ ದಾವೆಯಲ್ಲಿ ಮುಖ ಹಾಕಿಸಲು ಹೇಗೆ ಬೇಡುವುದೋ ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನ್ಯಾಯಾಧೀಶರೇ ದಾರಿ ತೆಗೆದರು. ಎಲ್ಲರೂ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಮಾತಾಡಿಕೊಂಡು ಬನ್ನಿ ಎಂದರು. ಅಲ್ಲಿ ಒಂದು ತಾಸು ಜಗಳವಾಗಿ, ಅಳುವಾಗಿ, ಕೊನೆಗೆ ಚೀಟಿಯ ಮೇಲೆ ಇಬ್ಬರ ಮುಖವನ್ನೂ ಹಾಕುವುದು ಎಂದು ತೀರ್ಮಾನವಾಯಿತು. ಬೀಗತಿ ಎಡಕ್ಕೆ, ನಮ್ಮ ಅತ್ತೆ ಬಲಕ್ಕೆ, ನಡುವೆ ಶೇಂಗಾ.

ರಾಜಿಪತ್ರಕ್ಕೆ ಬೀಗತಿಯ ಒಪ್ಪಿಗೆಯೂ ಬೇಕಲ್ಲ. ನ್ಯಾಯಾಧೀಶರು ಅವರನ್ನು ಮುಂದೆ ಕರೆದು ಕೇಳಿದರು, "ಅಮ್ಮಾ, ನಿಮ್ಮ ಮುಖ ಇಷ್ಟು ವರ್ಷ ಆ ಪಾಕೀಟಿನ ಮೇಲಿತ್ತು ಅಂತ ನಿಮಗೆ ಗೊತ್ತಿತ್ತಾ?"

ಬೀಗತಿ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. ಯಾವುದೋ ಹಳೆಯ ಒಗಟು ಬಿಡಿಸಿದಂತೆ ಅವರ ಕಣ್ಣು ಅಗಲವಾದವು.

"ಇಲ್ರಿ ಯಪ್ಪಾ! ಔರಾದ ಬಸ್ಸಿನ್ಯಾಗ ಮಂದಿ ನನ್ನ ಮಾರಿ ನೋಡಿ ಬಾಯಿ ಚಪ್ಪರಸ್ತಿದ್ರು. ಈ ವಯಸ್ಸಿನ್ಯಾಗ ಇದೇನ ಬಂತಂತ, ಮೂರು ವರ್ಷದಿಂದ ನಾ ಸೆರಗು ಮುಂದಕ್ಕ ಎಳಕೊಂಡೇ ಕುಂಡರ್ತೇನ್ರಿ!"